ಹೊಳೆ ಕೇಳಿ ಕೋಟೆಗೆ ಹೋಗಿ

ಗಂಗಾವತಿ ಕಡೆಯ ರೈತರು ಬೆಳಿಗ್ಗೆ ಪತ್ರಿಕೆ ಕೈಗೆ ಬಂದ ಕೂಡಲೇ ಹುಡುಕುವುದು ಒಂದು ಪುಟ್ಟ ಚೌಕವನ್ನು. ತುಂಗಭದ್ರಾ ಜಲಾಶಯದ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಜಲಾಶಯದ ಗರಿಷ್ಠ ಮಟ್ಟ 1,633 ಅಡಿ ಎನ್ನುವುದು ಇಲ್ಲಿ ಶಾಲೆಗೆ ಹೋಗುವ ಹುಡುಗರಿಗೂ ಬಾಯಿಪಾಠ. ಆ ಅಂಕಿ ನೋಡಿಕೊಂಡೇ ಸಸಿ ಮಡಿ ಹಾಕುವುದು, ನಾಟಿಗೆ ಆಳು ಹೇಳುವುದು. ಆನೆಗೊಂದಿ ಕೋಟೆ ನೋಡಲು ಹೊರಟವರು ಮೊದಲು ನೋಡಬೇಕಾದದ್ದೂ ಅದೇ ಚೌಕವನ್ನೇ. ಅಣೆಕಟ್ಟೆಯಿಂದ ನದಿಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದರ ಮೇಲೆ ಕೋಟೆಯ ಅರ್ಧ ಭಾಗ ಕಾಣುವುದೋ ಇಲ್ಲವೋ ನಿಂತಿದೆ.

ಮುಂಗಾರು ಜೋರಾಗಿ, ಜಲಾಶಯ ತುಂಬಿ, ಕ್ರಸ್ಟ್ ಗೇಟ್ ಎತ್ತಿದರೆ ಆನೆಗೊಂದಿಯ ನಕ್ಷೆಯೇ ಬದಲಾಗುತ್ತದೆ. ನವವೃಂದಾವನದ ನಡುಗಡ್ಡೆಗೆ ದಾರಿ ಕಟ್ಟಾಗುತ್ತದೆ. ಹೊಳೆಯಂಚಿನ ಅರವತ್ನಾಲ್ಕು ಕಂಬದ ಮಂಟಪ ನೀರಿನೊಳಗೆ ಹೋಗುತ್ತದೆ. ಹರಿಗೋಲುಗಳು ದಡದ ಮೇಲೆ ಬೋರಲು ಬಿದ್ದಿರುತ್ತವೆ. ನೀರು ಇನ್ನೂ ಏರಿದರೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೂ ಸಂಚಾರ ನಿಲ್ಲಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಒಟ್ಟು 33 ಗೇಟುಗಳನ್ನೂ ತೆರೆಯಬೇಕಾಯಿತು. ಆ ವಾರ ಪ್ರವಾಸಕ್ಕೆಂದು ಬಂದವರು ದಂಡೆಯ ಬಂಡೆಯ ಮೇಲೆ ನಿಂತು ಕೆಂಪು ನೀರು ನೋಡಿಕೊಂಡು ಹೋದರು. ಅದೂ ಒಂದು ನೋಟವೇ ಸರಿ. ಆದರೆ ಕೋಟೆ ನೋಡಿದಂತಾಗಲಿಲ್ಲ.

ಹಾಗಾಗಿ ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ನದಿ ಇಳಿದಿರುತ್ತದೆ, ಎಡದಂಡೆ ಕಾಲುವೆಯಲ್ಲಿ ನೀರು ಇದ್ದರೆ ಎರಡನೇ ಬೆಳೆಯ ಭತ್ತ ಹಸಿರಾಗಿರುತ್ತದೆ, ಬಂಡೆಗಳು ಕೈ ಸುಡುವಷ್ಟು ಕಾದಿರುವುದಿಲ್ಲ. ಮಾರ್ಚ್ ಕಳೆದರೆ ಈ ಕಲ್ಲಿನ ಸೀಮೆಯಲ್ಲಿ ಹನ್ನೊಂದು ಗಂಟೆಯ ಮೇಲೆ ತಿರುಗಾಡುವ ಮಾತೇ ಇಲ್ಲ. ಬೇಸಿಗೆಯಲ್ಲಿ ಬರಲೇಬೇಕಾದರೆ ಬೆಳಗಿನ ಆರಕ್ಕೇ ಕೋಟೆ ಬಾಗಿಲಲ್ಲಿರಬೇಕು.

ಈಗ ಎರಡನೆಯ ಮಾತು. ಬಹುತೇಕ ಜನ ಆನೆಗೊಂದಿಗೆ ಬರುವುದು ತಪ್ಪು ದಿಕ್ಕಿನಿಂದ. ಹಂಪಿ ನೋಡಿ ಮುಗಿಸಿ, ಮಧ್ಯಾಹ್ನ ಹೊಳೆ ದಾಟಿ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದು, ಪಂಪಾ ಸರೋವರಕ್ಕೆ ಹೋಗಿ ಕೈಮುಗಿದು, ಸಂಜೆಯ ಹೊತ್ತಿಗೆ ಕಾಲು ಸೋತಿರುವಾಗ ಗಾಡಿಯ ಕಿಟಕಿಯಿಂದ ಕೋಟೆಗೋಡೆ ನೋಡುತ್ತಾರೆ. ಹಂಪಿಯ ಬಾಲದಂತೆ ಆನೆಗೊಂದಿಯನ್ನು ನೋಡಿದರೆ ಅದರಲ್ಲಿ ಏನೂ ಕಾಣುವುದಿಲ್ಲ. ಇದು ಹಂಪಿಯ ರಾಜಧಾನಿಗಿಂತ ಹಿರಿಯ ಊರು. ವಿಜಯನಗರ ಎಂಬ ಹೆಸರು ಹುಟ್ಟುವ ಮೊದಲೇ ಇಲ್ಲಿ ಕೋಟೆ ಇತ್ತು. ಕಂಪಿಲರಾಯನ ರಾಜ್ಯಕ್ಕೆ, ಅವನ ಮಗ ಗಂಡುಗಲಿ ಕುಮಾರರಾಮನ ಕುಮ್ಮಟದುರ್ಗಕ್ಕೆ ಇದು ಒಡನಾಡಿ ನೆಲ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಕಂಪಿಲಿಯ ಮೇಲೆ ಬಿದ್ದದ್ದು, ದಂಗೆಯೆದ್ದ ಅವನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್‌ಗೆ ಕಂಪಿಲರಾಯ ಆಶ್ರಯ ಕೊಟ್ಟನೆಂಬ ಕಾರಣಕ್ಕೆ. ಬಂದವನನ್ನು ಒಪ್ಪಿಸಿಕೊಡುವುದಿಲ್ಲವೆಂದು ನಿಂತ ರಾಯ ಪ್ರಾಣ ಕೊಟ್ಟ, ರಾಜ್ಯ ಮುಳುಗಿತು. ಹತ್ತು ವರ್ಷ ಕಳೆಯುವುದರೊಳಗೆ, 1336ರಲ್ಲಿ, ಹೊಳೆಯ ಆಚೆ ದಡದಲ್ಲಿ ಹೊಸ ರಾಜಧಾನಿ ಎದ್ದಿತು. ಆಚೆ ದಡದಲ್ಲಿ ಏಕೆ? ಉತ್ತರದಿಂದ ಬರುವ ಸೈನ್ಯಕ್ಕೆ ಈಗ ಮೊದಲು ಆನೆಗೊಂದಿ ಗೆಲ್ಲಬೇಕು, ಆಮೇಲೆ ತುಂಗಭದ್ರೆ ದಾಟಬೇಕು. ಹಳೆಯ ರಾಜಧಾನಿ ಹೊಸದರ ಕಾವಲುಗಾರನಾಯಿತು.

ಆ ಕಾವಲು ಅರ್ಥವಾಗಬೇಕಾದರೆ ಶತ್ರು ಬಂದ ದಾರಿಯಲ್ಲೇ ಬರಬೇಕು. ಅಂದರೆ ಉತ್ತರದಿಂದ, ಗಂಗಾವತಿ ಕಡೆಯಿಂದ, ಕಡೆಬಾಗಿಲಿನಿಂದ.

ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಇದು ಸಹಜವಾದ ದಾರಿಯೇ. ಕುಷ್ಟಗಿಯವರು ತಾವರಗೇರಾ, ಕನಕಗಿರಿ ಮೇಲೆ ಹಾದು ಗಂಗಾವತಿಗೆ ಇಳಿಯಬಹುದು. ಯಲಬುರ್ಗಾದವರು ಕುಕನೂರು, ಕೊಪ್ಪಳದ ಮೇಲೆ ಬರಬಹುದು. ಹುಬ್ಬಳ್ಳಿ ಕಡೆಯಿಂದ ಗಂಗಾವತಿಗೆ ಈಗ ರೈಲೂ ಇದೆ. ಗಂಗಾವತಿ ಬಸ್‌ಸ್ಟ್ಯಾಂಡಿನ ಸುತ್ತ ಬೆಳಿಗ್ಗೆಯೇ ಬಿಸಿ ಒಗ್ಗರಣಿ, ಮಿರ್ಚಿ ಸಿಗುತ್ತದೆ. ಹೊಟ್ಟೆ ಗಟ್ಟಿ ಮಾಡಿಕೊಂಡು, ಎರಡು ಬಾಟಲಿ ನೀರು ಹಿಡಿದುಕೊಂಡು ಹೊರಡಿ. ಬಸ್ಸೂ ಇದೆ, ಟಂಟಂ ಗಾಡಿಗಳೂ ಓಡಾಡುತ್ತವೆ. ಕೊಪ್ಪಳದಿಂದ ಹುಲಿಗಿ, ಸಾಣಾಪುರದ ಮೇಲೆ ಬರುವ ಇನ್ನೊಂದು ದಾರಿ ಚೆಲುವಾದದ್ದು, ಗುಡ್ಡ, ಕಾಲುವೆ, ಗದ್ದೆ ಒಂದರ ಹಿಂದೊಂದು. ಆದರೆ ಆ ದಾರಿಯನ್ನು ವಾಪಸಾಗುವಾಗ ಹಿಡಿಯಿರಿ.

ಕಡೆಬಾಗಿಲಿನಲ್ಲಿ ಇಳಿದುಕೊಳ್ಳಿ. ಎರಡು ಕಲ್ಲುಗುಡ್ಡಗಳ ನಡುವಿನ ಕಣಿವೆಯನ್ನು ಗೋಡೆ ಕಟ್ಟಿ ಮುಚ್ಚಿ, ಅದರಲ್ಲೊಂದು ಬಾಗಿಲು ಬಿಟ್ಟಿದ್ದಾರೆ. ಊರು ಇನ್ನೂ ದೂರ ಇರುವಾಗಲೇ ಬಾಗಿಲು! 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಗ್ಗೆ ಬರೆದದ್ದು ಕೆಲವೇ ಸಾಲು. ಹಿಂದೆ ರಾಜಧಾನಿಯಾಗಿದ್ದ ಊರು, ಈಗ ಜನ ಕಡಿಮೆ, ಗೋಡೆಗಳು ಮಾತ್ರ ಇನ್ನೂ ಭದ್ರ, ಬೆಟ್ಟಗಳ ನಡುವೆ ಹುದುಗಿದೆ, ಒಳಹೋಗಲು ಎರಡೇ ದಾರಿ, ರಾಯನ ಪರವಾಗಿ ಒಬ್ಬ ನಾಯಕ ಇಲ್ಲಿರುತ್ತಾನೆ ಎಂಬುದು ಅದರ ಸಾರ. ಐನೂರು ವರ್ಷಗಳ ಮೇಲೂ ಇಲ್ಲಿ ನಿಂತು ಸುತ್ತ ನೋಡಿದರೆ ಆ ಮಾತು ತಾಳೆಯಾಗುತ್ತದೆ. ಎಡಕ್ಕೂ ಬಲಕ್ಕೂ ಕುದುರೆ ಹತ್ತಲಾರದ ಬಂಡೆರಾಶಿ. ಮುಂದೆ ಬಾಗಿಲು. ಹಿಂದೆ ಬಯಲು.

ಈ ಕೋಟೆಯನ್ನು ಅರ್ಧ ಕಟ್ಟಿದ್ದು ಗುಡ್ಡವೇ. ಗೋಡೆ ಸಲೀಸಾಗಿ ಸುತ್ತು ಹಾಕಿ ಬರುವುದಿಲ್ಲ. ಒಂದು ಹೆಬ್ಬಂಡೆಯಿಂದ ಹೊರಟು ಇನ್ನೊಂದು ಹೆಬ್ಬಂಡೆಗೆ ತಾಗಿ ನಿಲ್ಲುತ್ತದೆ. ಎಲ್ಲಿ ಬಂಡೆಯೇ ಆಳೆತ್ತರಕ್ಕೆ ಕಡಿದಾಗಿದೆಯೋ ಅಲ್ಲಿ ಗೋಡೆ ಇಲ್ಲ. ಎಲ್ಲಿ ಸಂದು ಇದೆಯೋ ಅಲ್ಲಿ ಮಾತ್ರ ಕಲ್ಲು ಜೋಡಿಸಿದ್ದಾರೆ. ಹಾಗಾಗಿ ಗೋಡೆ ಮುಗಿದಂತೆ ಕಂಡ ಕಡೆ ಕೋಟೆ ಮುಗಿಯಿತು ಅಂದುಕೊಳ್ಳಬೇಡಿ. ಕಣ್ಣು ಮೇಲೆತ್ತಿ ನೋಡಿ, ಬಂಡೆಗಳ ನಡುವೆ ನಾಲ್ಕು ಸಾಲು ಕಲ್ಲು ಮತ್ತೆ ಕಾಣುತ್ತದೆ.

ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ನೋಡುವುದಕ್ಕೆ ಹತ್ತು ನಿಮಿಷ ಕೊಡಿ. ಗಾರೆ ಇಲ್ಲ. ಒಂದು ಕಲ್ಲಿನ ಅಂಚಿಗೆ ಸರಿಯಾಗಿ ಇನ್ನೊಂದರ ಅಂಚನ್ನು ಕೆತ್ತಿ ಕೂರಿಸಿದ್ದಾರೆ. ಒಂದು ಮೂಲೆ ಓರೆಯಾಗಿದ್ದರೆ ಪಕ್ಕದ ಕಲ್ಲೂ ಅದೇ ಓರೆಗೆ ಒಗ್ಗಿದೆ. ಮುಖ ಅಗಲ, ಹಿಂಬದಿ ಕಿರಿದು; ಆ ಮೊನೆಯಂಥ ಹಿಂಬದಿ ಗೋಡೆಯ ಒಡಲಿನೊಳಗೆ ಹೋಗಿ, ಅಲ್ಲಿ ತುಂಬಿದ ಮಣ್ಣು, ಚೂರುಗಲ್ಲಿನೊಳಗೆ ಕಚ್ಚಿಕೊಂಡಿರುತ್ತದೆ. ಮುಖವಷ್ಟೇ ಕಾಣುವ ನಮಗೆ ಈ ಹಿಂಬದಿ ಕಾಣುವುದು ಗೋಡೆ ಕುಸಿದ ಕಡೆಗಳಲ್ಲಿ. ಕುಸಿದ ಜಾಗವನ್ನು ದಾಟಿ ಹೋಗಬೇಡಿ, ಅಲ್ಲೇ ನಿಂತು ನೋಡಿ. ಗೋಡೆ ಹೇಗೆ ನಿಂತಿತ್ತು ಎಂಬುದನ್ನು ಬಿದ್ದ ಗೋಡೆಯಷ್ಟು ಚೆನ್ನಾಗಿ ಯಾವ ಫಲಕವೂ ಹೇಳುವುದಿಲ್ಲ.

ಸುತ್ತಲಿನ ಬಂಡೆಗಳ ಮೇಲೆ ಒಂದೇ ಗೆರೆಯಲ್ಲಿ ಸಾಲಾಗಿ ಕೊರೆದ ಚೌಕದ ಕುಳಿಗಳು ಕಾಣಸಿಗುತ್ತವೆ. ಒಂದೊಂದು ಕುಳಿ ಎರಡು ಮೂರು ಬೆರಳಗಲ. ಆ ಕುಳಿಗಳಿಗೆ ಬೆಣೆ ಜಡಿದು ಬಂಡೆಯನ್ನು ಗೆರೆ ಹಿಡಿದು ಸೀಳುತ್ತಿದ್ದರು. ಕೆಲವು ಕಡೆ ಕುಳಿ ತೋಡಿ ಬಿಟ್ಟ ಬಂಡೆ ಸೀಳದೆ ಹಾಗೇ ಉಳಿದಿದೆ. ಸೀಳಿದ ಕಲ್ಲಿನ ಅಂಚಿನಲ್ಲಿ ಅರ್ಧರ್ಧ ಕುಳಿ ಹಲ್ಲಿನ ಸಾಲಿನಂತೆ ಉಳಿದುಕೊಂಡಿರುತ್ತದೆ. ಅದೇ ಅರ್ಧ ಕುಳಿಗಳನ್ನು ಗೋಡೆಯ ಕಲ್ಲಿನಲ್ಲಿ ಕಂಡರೆ, ಈ ಕಲ್ಲು ಎಲ್ಲಿಂದಲೋ ಬಂದದ್ದಲ್ಲ, ಈ ಗುಡ್ಡದ್ದೇ ಎಂದು ತಿಳಿಯುತ್ತದೆ.

ಇನ್ನು ಕೊತ್ತಲಗಳು. ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಹುಡೇವು ಇದೆಯಲ್ಲ, ಊರ ನಡುವೆ ದುಂಡಗೆ ನಿಂತ ಕಾವಲು ಬುರುಜು, ಅದನ್ನು ನೋಡಿ ಬೆಳೆದವರಿಗೆ ಕೋಟೆಯ ಗೋಪುರ ಅಂದರೆ ದುಂಡಗೇ ಇರಬೇಕು ಅನ್ನಿಸುತ್ತದೆ. ವಿಜಯನಗರದ ಹಳೆಯ ಗೋಡೆಗಳಲ್ಲಿ ಕೊತ್ತಲಗಳು ಚೌಕ. ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಪೆಟ್ಟಿಗೆಯ ಆಕಾರ. ಗೋಡೆಯ ಬುಡಕ್ಕೆ ಬಂದವನ ಮೇಲೆ ಪಕ್ಕದಿಂದ ಬಾಣ ಬಿಡಲು ಈ ಚಾಚು ಬೇಕೇ ಬೇಕು. ಆದರೆ ಚೌಕದಲ್ಲಿ ಒಂದು ದೋಷ ಉಂಟು. ಮೂಲೆಯ ಮುಂದಿನ ಜಾಗ ಎರಡೂ ಬದಿಯ ಕಾವಲಿನವರ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಅಡಗಿ ಕೂತು ಗೋಡೆ ಕೆರೆಯಬಹುದು. ಫಿರಂಗಿ ಬಂದ ಮೇಲೆ ಇನ್ನೊಂದು ತೊಂದರೆ. ಚಪ್ಪಟೆ ಮುಖಕ್ಕೆ ಗುಂಡು ನೇರ ಬಡಿಯುತ್ತದೆ, ಮೂಲೆಗೆ ಬಡಿದರೆ ಮೂಲೆಯೇ ಹಾರಿಹೋಗುತ್ತದೆ. ದುಂಡು ಬುರುಜಿನಲ್ಲಿ ಮರೆಯ ಮೂಲೆ ಇಲ್ಲ, ಗುಂಡೂ ಓರೆಯಾಗಿ ಜಾರುತ್ತದೆ. ಆದ್ದರಿಂದ ಆಮೇಲಿನ ಕಾಲದಲ್ಲಿ ದುಂಡು ಬುರುಜುಗಳು ಹೆಚ್ಚಿದವು. ಆನೆಗೊಂದಿಯ ಗೋಡೆಗುಂಟ ನಡೆಯುವಾಗ ಚೌಕ ಯಾವುದು, ದುಂಡು ಯಾವುದು, ದೊಡ್ಡ ಕಲ್ಲಿನ ಕೆಲಸದ ಮೇಲೆ ಸಣ್ಣ ಕಲ್ಲು, ಗಾರೆಯ ತೇಪೆ ಎಲ್ಲಿ ಬಂದಿದೆ ನೋಡುತ್ತ ಹೋದರೆ, ಒಂದೇ ಗೋಡೆಯನ್ನು ಎಷ್ಟು ಕಾಲದ ಜನ ದುರಸ್ತಿ ಮಾಡಿಕೊಂಡು ಬಾಳಿದರು ಎಂದು ಗೊತ್ತಾಗುತ್ತದೆ. ನನಗಂತೂ ಈ ತೇಪೆಗಳೇ ಕೋಟೆಯ ಅತ್ಯಂತ ಆಪ್ತ ಭಾಗ.

ಕೋಟೆಬಾಗಿಲಿನೊಳಗೆ ಹೋಗುವಾಗ ಒಮ್ಮೆ ನಿಂತು ಹಿಂತಿರುಗಿ ನೋಡಿ. ಇಲ್ಲಿನ ಕೋಟೆಗಳಲ್ಲಿ ದಾರಿ ನೆಟ್ಟಗೆ ಒಳಗೆ ಹೋಗುವುದು ಅಪರೂಪ, ತಿರುವಿ ತಿರುವಿ ಹೋಗುತ್ತದೆ. ಓಡಿಬಂದ ಆನೆ, ಕುದುರೆ, ದಿಮ್ಮಿ ಹೊತ್ತ ಆಳುಗಳು ಬಾಗಿಲಿಗೆ ಬಡಿಯುವ ಮುನ್ನ ವೇಗ ಕಳೆದುಕೊಳ್ಳಲಿ ಎಂದು. ಕದ ತಿರುಗುತ್ತಿದ್ದ ಕಲ್ಲಿನ ಗುಣಿ ಹೊಸ್ತಿಲ ಹತ್ತಿರ ಕಾಣುತ್ತದೆ. ಅಗುಳಿಯ ಮರ ಸೇರಿಸುತ್ತಿದ್ದ ತೂತು ಪಕ್ಕದ ಗೋಡೆಯಲ್ಲಿರುತ್ತದೆ. ಎರಡೂ ಬದಿಯ ಕಟ್ಟೆ ಕಾವಲಿನವರದು. ಮಕ್ಕಳನ್ನು ಕರೆದುಕೊಂಡು ಬಂದಿದ್ದರೆ ಇಲ್ಲೇ ಒಂದು ಗಂಟೆ ಕಳೆಯಿರಿ. ಬಾಗಿಲು ಹೇಗೆ ಮುಚ್ಚುತ್ತಿದ್ದರು ಎಂದು ಅವರೇ ಕಂಡುಹಿಡಿಯಲಿ.

ಊರೊಳಗೆ ರಂಗನಾಥಸ್ವಾಮಿ ಗುಡಿ, ಎದುರಿಗೆ ಗಗನ್ ಮಹಲ್, ತೇರು ನಿಲ್ಲುವ ಬಯಲು. ನೋಡಲು ಹೆಚ್ಚು ಹೊತ್ತು ಬೇಡ. ಹೊಳೆ ಕಡೆಗೆ ಇಳಿದರೆ ಹುಚ್ಚಪ್ಪಯ್ಯನ ಮಠ. ಕಡೆದು ನುಣುಪು ಮಾಡಿದ ಕರಿಗಲ್ಲಿನ ಕಂಬಗಳು, ಚಾವಣಿಯಲ್ಲಿ ಮಾಸಿದ ಬಣ್ಣದ ಚಿತ್ರಗಳು. ಇಷ್ಟು ಸೊಗಸಿನ ಕಂಬಗಳನ್ನು ನೋಡಲು ಬರುವವರು ಬೆರಳೆಣಿಕೆ ಎಂಬುದು ಬೇಸರದ ಸಂಗತಿ. ಊರಿನ ಹೆಣ್ಣುಮಕ್ಕಳು ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಾರೆ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಈ ಕಸುಬಿಗೆ ನೆಲೆ ಮಾಡಿಕೊಟ್ಟಿತು. ಹಳೆಯ ಮನೆಗಳನ್ನು ರಿಪೇರಿ ಮಾಡಿ ತಂಗಲು ಕೊಡುವ ವ್ಯವಸ್ಥೆಯೂ ಊರಲ್ಲಿದೆ. ಒಂದು ರಾತ್ರಿ ಉಳಿಯುವವರು ಹೊಸ ಲಾಡ್ಜ್ ಹುಡುಕುವ ಬದಲು ಇಂಥ ಮನೆ ಕೇಳಿ.

ಗುಡ್ಡದ ಮೇಲಿನ ಕೋಟೆಗೆ ದುರ್ಗಾದೇವಿ ಗುಡಿಯ ಕಡೆಯಿಂದ ಹತ್ತಬೇಕು. ಬಿಸಿಲೇರುವ ಮೊದಲು ಇಲ್ಲವೇ ನಾಲ್ಕರ ಮೇಲೆ. ಕೋತಿಗಳ ಕಾಟ ಇದೆ. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ಒಬ್ಬೊಬ್ಬರೇ ಹೋಗಬೇಡಿ. ಬಂಡೆಗಳ ಸಂದಿನಲ್ಲಿ ದಾರಿ ತಪ್ಪುವುದು ಸುಲಭ, ಸಂಜೆ ಕತ್ತಲಾದ ಮೇಲೆ ಕರಡಿ, ಚಿರತೆಯ ಸೀಮೆ ಇದು. ಮೇಲಿಂದ ಹೊಳೆಯ ತಿರುವು ಕಾಣುತ್ತದೆ, ಆಚೆ ದಡದಲ್ಲಿ ವಿಠ್ಠಲ ಗುಡಿಯ ಸೀಮೆ, ತಳವಾರಘಟ್ಟ. ಉತ್ತರಕ್ಕೆ ತಿರುಗಿದರೆ ನೀವು ಬೆಳಿಗ್ಗೆ ಬಂದ ಕಣಿವೆ. ಈಗ ಕೋಟೆ ಪೂರ್ತಿಯಾಗಿ ತಿಳಿಯುತ್ತದೆ. ಮೂಡಣಕ್ಕೂ ತೆಂಕಣಕ್ಕೂ ಹೊಳೆ, ಉಳಿದ ಕಡೆ ಗುಡ್ಡ, ಗುಡ್ಡದ ಸಂದಿಗೆ ಬಾಗಿಲು.

ಹೊಳೆಯಂಚಿಗೆ ಕೊನೆಯಲ್ಲಿ ಬನ್ನಿ. ಅರವತ್ನಾಲ್ಕು ಕಂಬದ ಮಂಟಪವನ್ನು ಜನ ಕೃಷ್ಣದೇವರಾಯನ ಸಮಾಧಿಯೆಂದು ನಂಬುತ್ತಾರೆ. 1529ರಲ್ಲಿ ರಾಯ ತೀರಿಕೊಂಡ. ಶಾಸನದ ಆಧಾರ ಇರಲಿ ಬಿಡಲಿ, ಹೊಳೆ ತುಂಬಿದಾಗಲೆಲ್ಲ ಮುಳುಗಿ ಏಳುವ ಈ ಮಂಟಪವನ್ನು ಊರವರು ರಾಯನ ಹೆಸರಿನಲ್ಲೇ ಗೌರವಿಸುತ್ತ ಬಂದಿದ್ದಾರೆ. ನಡುಗಡ್ಡೆಯ ನವವೃಂದಾವನಕ್ಕೆ ದೋಣಿಯಲ್ಲೇ ಹೋಗಬೇಕು. ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭತೀರ್ಥರು, ರಾಯನ ಗುರು ವ್ಯಾಸರಾಯರು ಸೇರಿದಂತೆ ಒಂಬತ್ತು ಯತಿಗಳ ವೃಂದಾವನ ಇಲ್ಲಿದೆ. 2019ರ ಜುಲೈನಲ್ಲಿ ನಿಧಿಗಳ್ಳರು ವ್ಯಾಸರಾಯರ ವೃಂದಾವನವನ್ನೇ ರಾತ್ರಿ ಕಿತ್ತುಹಾಕಿದ್ದರು. ಭಕ್ತರು, ಮಠದವರು ಸೇರಿ ಕೆಲವೇ ದಿನಗಳಲ್ಲಿ ಮತ್ತೆ ನಿಲ್ಲಿಸಿದರು. ನಿಧಿಯಾಸೆಗೆ ಅಗೆದ ಗುಂಡಿಗಳು ಕೋಟೆಯ ಗುಡ್ಡಗಳಲ್ಲೂ ಅಲ್ಲಲ್ಲಿ ಕಾಣುತ್ತವೆ. ಕಂಡರೆ ಪಂಚಾಯಿತಿಗೋ ಪೊಲೀಸರಿಗೋ ಹೇಳಿ. ಕೋಟೆ ಕಾಯಲು ಈಗ ನಾಯಕನಿಲ್ಲ, ನೋಡಲು ಬಂದವರೇ ಕಾಯಬೇಕು.

ಪಾಯೆಸ್ ಬಂದ ಕಾಲದಲ್ಲೂ ಇಲ್ಲಿ ದುಂಡನೆಯ ಬುಟ್ಟಿ ದೋಣಿಗಳೇ ಇದ್ದವು. ಒಳಗೆ ಬಿದಿರಿನಂಥ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದಾದಷ್ಟು ದೊಡ್ಡವು ಎಂದು ಅವನು ವಿವರಿಸುತ್ತಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಆಕಾರ ಅದೇ, ಹುಟ್ಟು ಹಾಕುವ ರೀತಿಯೂ ಅದೇ. ಅಂಬಿಗರ ಮಾತಿಗೆ ಎದುರಾಡಬೇಡಿ. ದಡದಲ್ಲಿ ನಿಂತವರಿಗೆ ಶಾಂತವಾಗಿ ಕಾಣುವ ಹೊಳೆಯನ್ನು ನೋಡಿ ಅಂಬಿಗನೊಬ್ಬ ‘ಮ್ಯಾಲೆ ನೀರು ಬಿಟ್ಟಾರ್ರಿ, ಇವತ್ತು ಬ್ಯಾಡ’ ಅಂದದ್ದನ್ನು ಕೇಳಿದ್ದೇನೆ. ಒಂದು ತಾಸಿನೊಳಗೆ ಬಟ್ಟೆ ಒಗೆಯುವ ಕಲ್ಲುಗಳು ಕಾಣೆಯಾಗಿದ್ದವು. ನೀರಿಗಿಳಿದು ಈಜುವ ಆಸೆ ಬೇಡವೇ ಬೇಡ. ಬಂಡೆಗಳ ಅಡಿಯಲ್ಲಿ ಸುಳಿ, ಮಡುಗಳಿವೆ, ಮೊಸಳೆಗಳಿವೆ. ಸಾಣಾಪುರದ ಹತ್ತಿರ ಬಂಡೆ ಮೇಲಿಂದ ಜಿಗಿದು ಸತ್ತವರಿದ್ದಾರೆ.

ಇಷ್ಟು ದೊಡ್ಡ ಕೋಟೆ ಹಂಪಿಯ ನೆರಳಿನಲ್ಲಿ ಏಕೆ ಉಳಿಯಿತು ಎಂದು ಕೇಳುವವರಿಗೆ ಉತ್ತರ ಹೊಳೆಯಲ್ಲೇ ಇದೆ. 1565ರ ರಕ್ಕಸಗಿ–ತಂಗಡಗಿ ಕಾಳಗದ ಮೇಲೆ ರಾಜಮನೆತನ ಪೆನುಕೊಂಡಕ್ಕೆ ಹೋಯಿತು, ಮುಂದೆ ಅದರ ಒಂದು ಶಾಖೆ ಆನೆಗೊಂದಿಯಲ್ಲಿ ನೆಲೆಸಿತು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ತುಂಗಭದ್ರೆ ಗಡಿಯಾಯಿತು. ಆಚೆ ಹಂಪಿ ಮದ್ರಾಸ್ ಸರ್ಕಾರದ್ದು, ಈಚೆ ಆನೆಗೊಂದಿ ಹೈದರಾಬಾದಿನದು. ಒಂದೇ ರಾಜಧಾನಿಯ ಎರಡು ದಡ ಎರಡು ಸರ್ಕಾರದ ಪಾಲು. ಆಚೆ ದಡಕ್ಕೆ 1856ರಲ್ಲೇ ಗ್ರೀನ್‌ಲಾ ಕ್ಯಾಮೆರಾ ಹೊತ್ತು ಬಂದ, ರಾಬರ್ಟ್ ಸೀವೆಲ್ 1900ರಲ್ಲಿ ವಿಜಯನಗರದ ಬಗ್ಗೆ ಪುಸ್ತಕ ಬರೆದ, ಲಾಂಗ್‌ಹರ್ಸ್ಟ್ 1917ರಲ್ಲಿ ಪ್ರವಾಸಿಗರಿಗಾಗಿ ಹಂಪಿಯ ಕೈಪಿಡಿಯನ್ನೇ ಹೊರತಂದ. ಈಚೆ ದಡಕ್ಕೆ ಅಷ್ಟು ಗಮನ ಸಿಗಲಿಲ್ಲ. ಎರಡೂ ದಡ ಮತ್ತೆ ಒಂದು ರಾಜ್ಯದೊಳಗೆ ಬಂದದ್ದು 1956ರಲ್ಲಿ. ಆಗಲೂ ಆಚೆ ಬಳ್ಳಾರಿ ಜಿಲ್ಲೆ, ಈಚೆ ರಾಯಚೂರು, 1997ರಿಂದ ಕೊಪ್ಪಳ. ಈಗ ಆಚೆ ವಿಜಯನಗರ ಜಿಲ್ಲೆ.

ಒಂದು ದಡವನ್ನು ಇನ್ನೊಂದಕ್ಕೆ ಸೇರಿಸಲು ಹೋದಾಗಲೂ ಕಷ್ಟವೇ ಎದುರಾಯಿತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೆ ಬಿದ್ದದ್ದು ಇದೇ ಹೊಳೆಗೆ ಕಟ್ಟುತ್ತಿದ್ದ ಸೇತುವೆಗಳಿಂದ. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ಕೆಲಸ ಮುಂದುವರಿದು, 2009ರ ಜನವರಿಯಲ್ಲಿ ತಳವಾರಘಟ್ಟ–ಆನೆಗೊಂದಿ ಸೇತುವೆ ಕುಸಿದು ಕೂಲಿಕಾರ್ಮಿಕರು ಜೀವ ಕಳೆದುಕೊಂಡರು. ಆಮೇಲೆ ಕೆಳಗಡೆ ಬುಕ್ಕಸಾಗರ–ಕಡೆಬಾಗಿಲು ನಡುವೆ ಸೇತುವೆ ಬಂತು. ಹರಿಗೋಲು ನಿಂತ ದಿನ ಹೊಸಪೇಟೆ ಕಡೆಗೆ ಹೋಗಬೇಕಾದವರಿಗೆ ಅದೇ ದಾರಿ. ಹೊಸಪೇಟೆ ಕಡೆಯಿಂದ ಆ ಸೇತುವೆ ದಾಟಿ ಬಂದರೂ ನೀವು ಇಳಿಯುವುದು ಕಡೆಬಾಗಿಲಿಗೇ ಎಂಬುದು ಒಳ್ಳೆಯದಾಯಿತು.

ಎರಡನೆಯ ದಿನ ಕೈಯಲ್ಲಿದ್ದರೆ ಹಂಪಿಗೆ ಓಡಬೇಡಿ. ಗಂಗಾವತಿ ಹತ್ತಿರದ ಹಿರೇಬೆಣಕಲ್‌ನ ಮೋರ್ಯರ ಗುಡ್ಡಕ್ಕೆ ಹೋಗಿ. ಈ ಎಲ್ಲ ಕೋಟೆಗಳಿಗಿಂತ ಸಾವಿರಾರು ವರ್ಷ ಹಿಂದಿನ ಜನ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಮನೆಗಳು ಅಲ್ಲಿ ನೂರಾರು ಇವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಕೋಟೆಯ ರುಚಿ ಹತ್ತಿದವರು ಕೊಪ್ಪಳದ ಕೋಟೆ ಹತ್ತಲಿ. 1790ರಲ್ಲಿ ಬ್ರಿಟಿಷರೂ ನಿಜಾಮನ ಪಡೆಯೂ ಸೇರಿ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕಾದರು. ಆ ಮುತ್ತಿಗೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಂ ತಾನು ಭಾರತದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಬಲಿಷ್ಠ ಎಂದ. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗೆ ಕೆಂಚನಗೌಡರು ಬ್ರಿಟಿಷರ ವಿರುದ್ಧ ನಿಂತು ಮಡಿದದ್ದೂ ಅಲ್ಲೇ. ಮೋರ್ಯರ ಗುಡ್ಡಕ್ಕೆ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಕೂಲಿ ಮೊದಲೇ ಮಾತಾಡಿಕೊಳ್ಳಿ, ಬೆಳಿಗ್ಗೆ ಏಳರೊಳಗೆ ಹತ್ತಲು ಶುರುಮಾಡಿ. ಮೇಲೆ ಅಂಗಡಿಯಿಲ್ಲ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಬೇಕು.